ಅವಳ ಲಿವರ್ ಬಗ್ಗೆ ಯಾರೂ ಕೇಳಲಿಲ್ಲ

ಬಸುರಿ ಹೆಂಗಸಿನ ಮೊದಲ ತಪಾಸಣೆಯಲ್ಲಿ ತೆಗೆದ ರಕ್ತ ಯಾವ್ಯಾವ ಪರೀಕ್ಷೆಗೆ ಹೋಗುತ್ತದೆ ಅಂತ ಯಾರನ್ನಾದರೂ ಕೇಳಿ ನೋಡಿ. ಹಿಮೋಗ್ಲೋಬಿನ್ ಅನ್ನುತ್ತಾರೆ, ಶುಗರ್ ಅನ್ನುತ್ತಾರೆ, ಬ್ಲಡ್ ಗ್ರೂಪ್ ಅನ್ನುತ್ತಾರೆ. ಇನ್ನೂ ಸ್ವಲ್ಪ ತಿಳಿದವರು ದನಿ ತಗ್ಗಿಸಿ ಎಚ್‌ಐವಿ ಅನ್ನಬಹುದು. ಲಿವರಿಗೆ ತಗುಲುವ ವೈರಸ್ಸಾದ ಹೆಪಟೈಟಿಸ್ ಬಿ ಹೆಸರು ಹೇಳುವವರು ಕಡಿಮೆ. ರಿಪೋರ್ಟಿನಲ್ಲಿ ಅದು ಎಚ್‌ಬಿಎಸ್‌ಎಜಿ ಅನ್ನುವ ಹೆಸರಿನಲ್ಲಿ ಎಲ್ಲೋ ಕೊನೆಯ ಸಾಲುಗಳಲ್ಲಿ ಇರುತ್ತದೆ. ಪಕ್ಕದಲ್ಲಿ ನೆಗೆಟಿವ್ ಅಂತ ಇದ್ದರೆ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ನಾನು ಬಸುರಿಯಾಗಿದ್ದಾಗ ನನ್ನ ಕಣ್ಣೂ ನಿಂತಿರಲಿಲ್ಲ.

ಗೆಳತಿಯ ರಿಪೋರ್ಟಿನಲ್ಲಿ ಆ ಜಾಗದಲ್ಲಿ ಪಾಸಿಟಿವ್ ಅಂತ ಬಂತು. ಮೊದಲ ಬಸಿರು, ಮೂರನೇ ತಿಂಗಳು. ಅಲ್ಲಿಂದ ಮುಂದೆ ಅವಳ ಜೊತೆ ಓಡಾಡುತ್ತಾ, ಸಿಕ್ಕಿದ್ದನ್ನೆಲ್ಲ ಓದುತ್ತಾ, ಸಿಕ್ಕ ಡಾಕ್ಟರನ್ನೆಲ್ಲ ಪೀಡಿಸುತ್ತಾ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಹೆಸರು ಮಾತ್ರ ಬೇಡ" ಅಂದಳು.

ಅವತ್ತು ಡಾಕ್ಟರ್ ಹೇಳಿದ್ದು ಇಷ್ಟೇ. "ಗಾಬರಿ ಆಗ್ಬೇಡಿ. ಮಗು ಹುಟ್ಟಿದ ಕೂಡಲೇ ಎರಡು ಇಂಜೆಕ್ಷನ್ ಕೊಡ್ತೀವಿ. ಮಗುವಿಗೆ ಏನೂ ಆಗಲ್ಲ." ಒಳ್ಳೆಯ ಮಾತು. ಬಹುಮಟ್ಟಿಗೆ ನಿಜವಾದ ಮಾತು ಕೂಡ. ಹೊರಗೆ ಬಂದ ಮೇಲೆ ಅವಳು ನನ್ನನ್ನು ಕೇಳಿದಳು, "ಮಗುವಿಗೆ ಏನೂ ಆಗಲ್ಲ, ಸರಿ. ನನಗೆ?"

ಮನೆಯಲ್ಲಿ ಎದ್ದ ಪ್ರಶ್ನೆಯೇ ಬೇರೆ. "ಎಲ್ಲಿಂದ ಬಂತು ಇದು?"

ಕೇಳುವ ದನಿಯಲ್ಲಿ ಕಾಳಜಿ ಇರುತ್ತದೆ, ಒಳಗೆ ತನಿಖೆ ನಡೆದಿರುತ್ತದೆ. ಯಾರೋ ಆಗಲೇ ಮೊಬೈಲಿನಲ್ಲಿ ಹುಡುಕಿ, ವೈರಸ್ ಹರಡುವ ದಾರಿಗಳನ್ನು ಓದಿಕೊಂಡಿರುತ್ತಾರೆ. ರಕ್ತ, ಲೈಂಗಿಕ ಸಂಪರ್ಕ, ಶುಚಿ ಮಾಡದ ಸೂಜಿ, ಇನ್ನೊಬ್ಬರ ರೇಜರ್. ಎಲ್ಲ ನಿಜವೇ. ಎಚ್‌ಐವಿಗಿಂತ 50ರಿಂದ 100 ಪಟ್ಟು ಸುಲಭವಾಗಿ ಅಂಟುವ ವೈರಸ್ ಇದು. ದೇಹದ ಹೊರಗೂ ಕಡೇಪಕ್ಷ 7 ದಿನ ಜೀವ ಹಿಡಿದುಕೊಂಡಿರಬಲ್ಲದು. ಆ ಪಟ್ಟಿ ಓದಿದವರ ಅನುಮಾನ ಮೊದಲು ಹೋಗುವುದು ಅವಳ ನಡತೆಯ ಮೇಲೆ, ಆಮೇಲೆ ಗಂಡನ ನಡತೆಯ ಮೇಲೆ. ಗಂಡನ ಟೆಸ್ಟ್ ನೆಗೆಟಿವ್ ಬಂದರಂತೂ ಮುಗಿದೇ ಹೋಯಿತು. ನನ್ನ ಗೆಳತಿಯ ಗಂಡನದು ನೆಗೆಟಿವ್ ಬಂತು.

ಅದೇ ಪಟ್ಟಿಯಲ್ಲಿ ಇನ್ನೊಂದು ದಾರಿಯೂ ಇರುತ್ತದೆ. ತಾಯಿಯಿಂದ ಮಗುವಿಗೆ, ಹೆರಿಗೆಯ ಹೊತ್ತಿನಲ್ಲಿ. ಅದನ್ನು ಓದುವಾಗ ಎಲ್ಲರೂ ಅವಳ ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ಯೋಚಿಸುತ್ತಾರೆ. ಅವಳೂ ಒಬ್ಬಳು ತಾಯಿಯ ಹೊಟ್ಟೆಯಿಂದ ಬಂದವಳು ಅನ್ನುವುದು ಯಾರಿಗೂ ಹೊಳೆಯುವುದಿಲ್ಲ.

ಹೆಪಟೈಟಿಸ್ ಬಿ ಲೆಕ್ಕಾಚಾರ ವಿಚಿತ್ರ. ದೊಡ್ಡವರಾದ ಮೇಲೆ ಈ ವೈರಸ್ ಹೊಕ್ಕರೆ ಹೆಚ್ಚಿನವರ ದೇಹ ಕೆಲವು ತಿಂಗಳಲ್ಲಿ ಅದನ್ನು ತಾನೇ ಓಡಿಸುತ್ತದೆ. ಕಾಮಾಲೆ ಆಗಬಹುದು, ಆಗದೆಯೂ ಇರಬಹುದು. ಖಾಯಂ ಆಗಿ ಉಳಿದುಬಿಡುವುದು ನೂರರಲ್ಲಿ ಐದಕ್ಕಿಂತ ಕಡಿಮೆ ಜನರಲ್ಲಿ. ಒಂದರಿಂದ ಐದು ವರ್ಷದ ಮಕ್ಕಳಿಗೆ ತಗುಲಿದರೆ ನೂರರಲ್ಲಿ ಸುಮಾರು 30 ಮಕ್ಕಳಲ್ಲಿ ಉಳಿಯುತ್ತದೆ. ಹುಟ್ಟುವಾಗಲೇ ತಗುಲಿದರೆ? ಸುಮಾರು 90 ಮಕ್ಕಳಲ್ಲಿ. ದೇಹ ಎಷ್ಟು ಎಳೆಯದೋ ವೈರಸ್ಸಿಗೆ ಅಷ್ಟು ಅನುಕೂಲ. ಎಳೇ ಮಗುವಿನ ರೋಗ ನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಒಳಗೆ ಬಂದದ್ದು ಹೊರಗಿನದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಜಗಳವೇ ಇಲ್ಲದ ಮೇಲೆ ಜ್ವರ ಇಲ್ಲ, ಕಾಮಾಲೆ ಇಲ್ಲ, ನೋವಿಲ್ಲ. ಇಪ್ಪತ್ತು ಮೂವತ್ತು ವರ್ಷ ಹೀಗೇ ಕಳೆಯಬಹುದು. ನಡುವೆ ಯಾವಾಗಲಾದರೂ ಲಿವರ್ ಟೆಸ್ಟ್ ಮಾಡಿಸಿದರೂ ನಾರ್ಮಲ್ ಅಂತಲೇ ಬರಬಹುದು.

ಹಾಗಿದ್ದ ಮೇಲೆ, ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸಿನ, ಯಾವತ್ತೂ ಕಾಮಾಲೆ ಆಗದ ಒಬ್ಬ ಹೆಂಗಸಿನ ರಕ್ತದಲ್ಲಿ ಈ ವೈರಸ್ ಮನೆ ಮಾಡಿಕೊಂಡಿದ್ದರೆ ಅದು ಬಂದದ್ದು ಯಾವಾಗ? ಅವಳು ಹುಟ್ಟಿದ ದಿನ, ಇಲ್ಲವೇ ಇನ್ನೂ ಅಂಬೆಗಾಲಿಡುತ್ತಿದ್ದ ವರ್ಷಗಳಲ್ಲಿ ಬಂದಿರುವ ಸಾಧ್ಯತೆಯೇ ಜಾಸ್ತಿ. ಪ್ರತಿಯೊಬ್ಬರ ವಿಷಯದಲ್ಲೂ ಇದನ್ನು ಸಾಧಿಸಿ ತೋರಿಸಲು ಆಗುವುದಿಲ್ಲ, ಒಪ್ಪುತ್ತೇನೆ. ತನಿಖೆಗೆ ಕೂತವರು ಕಡೇಪಕ್ಷ ಲೆಕ್ಕವನ್ನಾದರೂ ನೋಡಬೇಕಲ್ವಾ? ಪರೀಕ್ಷೆಯಾಗಲಿ ಲಸಿಕೆಯಾಗಲಿ ತಲುಪದ ಒಂದು ಹೆರಿಗೆಯಲ್ಲಿ ಹುಟ್ಟಿದ ಮಗು ಅವಳು. ಈಗ ಆ ಮಗುವನ್ನೇ ಕೂರಿಸಿಕೊಂಡು ಎಲ್ಲಿಂದ ತಂದೆ ಅಂತ ಕೇಳುತ್ತಿದ್ದಾರೆ.

ಈ ಹುಟ್ಟಿನ ದಾರಿ ಜಗತ್ತಿಗೆ ಸ್ಪಷ್ಟವಾಗಿ ಗೊತ್ತಾದದ್ದೇ ಸುಮಾರು ಐವತ್ತು ವರ್ಷದ ಹಿಂದೆ. 1960ರ ದಶಕದಲ್ಲಿ ಬರೂಕ್ ಬ್ಲಂಬರ್ಗ್ ಅನ್ನುವ ಅಮೆರಿಕದ ವಿಜ್ಞಾನಿ ಬೇರೆ ಬೇರೆ ದೇಶಗಳ ಜನರ ರಕ್ತದಲ್ಲಿ ಏನೇನು ವ್ಯತ್ಯಾಸ ಇದೆ ಅಂತ ನೋಡುತ್ತಿದ್ದರು. ಕಾಮಾಲೆಯ ವೈರಸ್ ಹುಡುಕಲು ಹೊರಟವರೇ ಅಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅದುವರೆಗೆ ಕಾಣದ ಒಂದು ಪ್ರೋಟೀನ್ ಸಿಕ್ಕಿತು. ಆಸ್ಟ್ರೇಲಿಯಾ ಆಂಟಿಜನ್ ಅಂತ ಕರೆದರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಪದರ ಅಂತ ಖಚಿತವಾಗಲು ಮತ್ತೂ ಕೆಲವು ವರ್ಷ ಹಿಡಿಯಿತು. ಇವತ್ತು ಬಸುರಿಯರ ರಿಪೋರ್ಟಿನಲ್ಲಿ ಎಚ್‌ಬಿಎಸ್‌ಎಜಿ ಅಂತ ಬರುವುದು ಅದೇ ಪ್ರೋಟೀನು. ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. ಅವರು ಹುಟ್ಟಿದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಭಾಗ, ತೈವಾನಿನಲ್ಲಿ ನಡೆದದ್ದು. ಪಾಮರ್ ಬೀಸ್ಲಿ ಅನ್ನುವ ಅಮೆರಿಕದ ಡಾಕ್ಟರ್ ಮತ್ತು ಜೊತೆಗಾರರು 1970ರ ದಶಕದಲ್ಲಿ ಅಲ್ಲಿ ವೈರಸ್ ಇದ್ದ ಬಸುರಿಯರನ್ನು ಗುರುತಿಸಿ, ಹುಟ್ಟಿದ ಮಕ್ಕಳ ರಕ್ತವನ್ನು ತಿಂಗಳುಗಟ್ಟಲೆ ನೋಡುತ್ತಾ ಬಂದರು. 1975ರಲ್ಲಿ ಬಂದ ವರದಿಯಲ್ಲಿ ಅಂಥ 158 ತಾಯಂದಿರ ಮಕ್ಕಳಲ್ಲಿ ಸುಮಾರು ಶೇ 40ರಷ್ಟು ಮಕ್ಕಳಿಗೆ ವೈರಸ್ ದಾಟಿತ್ತು. ಆ ತಾಯಂದಿರಲ್ಲಿ ಕಾಯಿಲೆಯ ಲಕ್ಷಣ ಏನೂ ಇರಲಿಲ್ಲ. ಅದೇ ಬೀಸ್ಲಿ ಇನ್ನೊಂದು ಕಡೆ 22,707 ಗಂಡಸರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. 1981ರಲ್ಲಿ ಅದರ ಫಲಿತಾಂಶ ಬಂತು. ವೈರಸ್ ಇರುವವರಿಗೆ ಲಿವರ್ ಕ್ಯಾನ್ಸರ್ ಬರುವ ಅಪಾಯ, ಇಲ್ಲದವರಿಗಿಂತ 200ಕ್ಕೂ ಹೆಚ್ಚು ಪಟ್ಟು. ಎರಡೂ ವರದಿಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಮೈ ಜುಂ ಅನ್ನುತ್ತದೆ. ಹೆರಿಗೆ ಕೋಣೆಯಲ್ಲಿ ಯಾರಿಗೂ ಕಾಣದಂತೆ ದಾಟಿದ್ದು ನಲವತ್ತು ಐವತ್ತು ವರ್ಷ ಆದ ಮೇಲೆ ಕ್ಯಾನ್ಸರ್ ಆಗಿ ತಲೆ ಎತ್ತುತ್ತದೆ.

ತೈವಾನ್ ಸುಮ್ಮನೆ ಕೂರಲಿಲ್ಲ. 1984ರ ಜುಲೈನಲ್ಲಿ ಲಸಿಕೆ ಕಾರ್ಯಕ್ರಮ ಶುರುವಾಯಿತು. ಬಸುರಿಯರಿಗೆಲ್ಲ ಪರೀಕ್ಷೆ, ಮೊದಲ ಎರಡು ವರ್ಷ ಪಾಸಿಟಿವ್ ಬಂದವರ ಮಕ್ಕಳಿಗೆ ಲಸಿಕೆ, 1986ರಿಂದ ಹುಟ್ಟುವ ಎಲ್ಲ ಮಕ್ಕಳಿಗೂ. ಅದಕ್ಕೆ ಮುಂಚೆ ಅಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ವರ್ಷಕ್ಕೆ ಲಕ್ಷಕ್ಕೆ 0.70ರಷ್ಟು ಇತ್ತು. 1990ರಿಂದ 1994ರ ಹೊತ್ತಿಗೆ ಅದು 0.36ಕ್ಕೆ ಇಳಿದಿತ್ತು. ಕ್ಯಾನ್ಸರನ್ನು ಒಂದು ಲಸಿಕೆ ತಡೆಯಬಲ್ಲದು ಅಂತ ಅಂಕಿಯಲ್ಲಿ ಕಂಡದ್ದು ಹೀಗೆ.

ಪರೀಕ್ಷೆಯನ್ನು ಯಾರಿಗೆ ಮಾಡಬೇಕು ಅನ್ನುವುದೂ ಒಂದೇ ಸಲಕ್ಕೆ ತೀರ್ಮಾನ ಆದದ್ದಲ್ಲ. ಅಮೆರಿಕದಲ್ಲಿ ಮೊದಲು, ಅಂದರೆ 1984ರಲ್ಲಿ, ಅಪಾಯ ಹೆಚ್ಚಿರುವ ಬಸುರಿಯರಿಗೆ ಮಾತ್ರ ಮಾಡಿ ಅಂದಿದ್ದರು. ಅಂಥವರು ಯಾರು ಅಂತ ಪ್ರಶ್ನೆ ಕೇಳಿ ಪತ್ತೆ ಮಾಡಬೇಕಿತ್ತು. ಕೇಳುವವರಿಗೆ ಮುಜುಗರ, ಹೇಳುವವರಿಗೆ ಭಯ, ಎಷ್ಟೋ ಜನರಿಗೆ ಹೇಳಲು ಏನೂ ಇರಲೇ ಇಲ್ಲ. ವೈರಸ್ ಇದ್ದ ತಾಯಂದಿರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಈ ಜರಡಿಯ ತೂತಿನಲ್ಲಿ ಜಾರಿ ಹೋದರು. 1988ರಲ್ಲಿ ನಿಯಮ ಬದಲಾಯಿತು, ಎಲ್ಲ ಬಸುರಿಯರಿಗೂ ಮಾಡಿ ಅಂತ. ಈಗ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಮೂರನ್ನೂ ಬಸಿರಿನಲ್ಲಿ ಆದಷ್ಟು ಬೇಗ, ಕಡೇಪಕ್ಷ ಒಂದು ಸಲ ನೋಡಬೇಕು.

"ನನಗ್ಯಾಕೆ ಈ ಟೆಸ್ಟು, ನಾನು ಅಂಥವಳಾ?" ಅಂತ ಸಿಟ್ಟಾಗುವವರನ್ನು ಲ್ಯಾಬಿನಲ್ಲಿ ನೋಡಿದ್ದೇನೆ. ಅವರಿಗೆ ಹೇಳಬೇಕಾದ್ದು ಇದೇ. ಯಾರನ್ನೂ ಅನುಮಾನಿಸಬಾರದು ಅಂತಲೇ ಎಲ್ಲರಿಗೂ ಮಾಡುತ್ತಾರೆ. ಒಬ್ಬರನ್ನು ಬೇರೆ ಕೂರಿಸಿ ಪ್ರಶ್ನೆ ಕೇಳುವ ಪದ್ಧತಿ ಅವಮಾನದ್ದು ಮಾತ್ರವಲ್ಲ, ಕೆಲಸಕ್ಕೂ ಬಾರದ್ದು ಅಂತ ಅನುಭವದಿಂದ ಗೊತ್ತಾದ ಮೇಲೆ ಹೀಗೆ ಬದಲಾದದ್ದು.

ಒಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡ ಕೆಲವೇ ದಿನಕ್ಕೆ ಈ ಟೆಸ್ಟ್ ಮಾಡಿದರೆ ಸುಮ್ಮಸುಮ್ಮನೆ ಪಾಸಿಟಿವ್ ತೋರಿಸಬಹುದು. ಲಸಿಕೆಯಲ್ಲಿರುವುದೂ ಅದೇ ಹೊರಪದರದ ಪ್ರೋಟೀನ್ ತಾನೇ. 18 ದಿನದವರೆಗೂ ಹೀಗೆ ಕಂಡದ್ದುಂಟು. ಇತ್ತೀಚೆಗೆ ಲಸಿಕೆ ತಗೊಂಡಿದ್ದರೆ ಡಾಕ್ಟರಿಗೆ ಹೇಳಿ.

ಪಾಸಿಟಿವ್ ಬಂದರೆ ಅಲ್ಲಿಗೆ ವಿಷಯ ಮುಗಿಯುವುದಿಲ್ಲ, ಅಲ್ಲಿಂದ ಶುರು. ವೈರಸ್ ಇದೆ ಅಂತ ಗೊತ್ತಾಯಿತು, ಎಷ್ಟಿದೆ ಅಂತ ಗೊತ್ತಾಗಿಲ್ಲ. ಮಗುವಿನ ಮಟ್ಟಿಗೆ ಎಷ್ಟಿದೆ ಅನ್ನುವುದೇ ದೊಡ್ಡದು. ವೈರಸ್ ಜೋರಾಗಿ ಬೆಳೆಯುತ್ತಿದೆಯಾ ಅಂತ ಸುಳಿವು ಕೊಡುವ, ಇ ಆಂಟಿಜನ್ ಅನ್ನುವ ಇನ್ನೊಂದು ಪರೀಕ್ಷೆ ಇದೆ. ಅದು ಪಾಸಿಟಿವ್ ಇದ್ದು, ಮಗುವಿಗೆ ಯಾವ ರಕ್ಷಣೆಯೂ ಕೊಡದೆ ಹೋದರೆ ನೂರರಲ್ಲಿ 70ರಿಂದ 90 ಮಕ್ಕಳಿಗೆ ದಾಟುತ್ತದೆ. ಅದು ನೆಗೆಟಿವ್ ಇದ್ದರೆ 10ರಿಂದ 40. ಇದಕ್ಕಿಂತ ನಿಖರವಾದದ್ದು ವೈರಲ್ ಲೋಡ್, ಅಂದರೆ ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ವೈರಸ್ ಇದೆ ಅನ್ನುವ ಲೆಕ್ಕ. 2 ಲಕ್ಷ ಯೂನಿಟ್ ದಾಟಿದರೆ ಎಚ್ಚರ ಅನ್ನುತ್ತಾರೆ.

ಗೆಳತಿಯ ರಿಪೋರ್ಟಿನಲ್ಲಿ ಅದು ಕೋಟಿಗಳಲ್ಲಿತ್ತು. ಸೊನ್ನೆಗಳ ಮೇಲೆ ಬೆರಳಿಟ್ಟು ಎಣಿಸಿದಳು. "ಇಷ್ಟೊಂದು ಇದ್ದೂ ನನಗೇನೂ ಆಗಿಲ್ವಲ್ಲ ಕಣೆ" ಅಂದಳು. ಎಳವೆಯಲ್ಲಿ ಬಂದ ವೈರಸ್ಸಿನ ರೀತಿಯೇ ಹಾಗೆ. ಸಂಖ್ಯೆ ಆಕಾಶದಲ್ಲಿರುತ್ತದೆ, ಲಿವರ್ ತಣ್ಣಗಿರುತ್ತದೆ, ಸದ್ಯಕ್ಕೆ.

ಇಷ್ಟು ಲೋಡ್ ಇದ್ದಾಗ ಹುಟ್ಟಿದ ಮೇಲಿನ ಇಂಜೆಕ್ಷನ್ನುಗಳಷ್ಟೇ ಸಾಲದೆ ಹೋಗಬಹುದು. ಕೆಲವು ಮಕ್ಕಳಿಗೆ ಆದರೂ ದಾಟಿಬಿಡುತ್ತದೆ. ಅದಕ್ಕೇ ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಟೆನೊಫೊವಿರ್ ಮಾತ್ರೆ ಕೊಟ್ಟು ವೈರಸ್ಸನ್ನು ತಗ್ಗಿಸುತ್ತಾರೆ. ಚೀನಾದಲ್ಲಿ ಇಂಥ 200 ತಾಯಂದಿರ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮಕ್ಕಳಿಗೆಲ್ಲ ಇಂಜೆಕ್ಷನ್ ಸಿಕ್ಕಿತ್ತು. ವೈರಸ್ ದಾಟಿದ ಮಕ್ಕಳು ಮಾತ್ರೆ ತಗೊಳ್ಳದ ತಾಯಂದಿರ ಗುಂಪಿನಲ್ಲಿ ಶೇ 18, ತಗೊಂಡವರಲ್ಲಿ ಶೇ 5 ಅಂತ ಲೆಕ್ಕ ಬಂತು. ನಡುವೆ ಬಿಟ್ಟುಹೋದವರನ್ನು ಕಳೆದು, ಕೊನೆಯವರೆಗೂ ಉಳಿದವರನ್ನಷ್ಟೇ ನೋಡಿದರೆ ಶೇ 7 ಮತ್ತು ಸೊನ್ನೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೋಡ್ ಜಾಸ್ತಿ ಇರುವ ಬಸುರಿಯರಿಗೆ 28ನೇ ವಾರದಿಂದ ಈ ಮಾತ್ರೆ ಕೊಡಿ ಅಂದಿತು. ವೈರಲ್ ಲೋಡ್ ನೋಡುವ ಯಂತ್ರ ಎಲ್ಲ ಕಡೆ ಇರುವುದಿಲ್ಲ ನೋಡಿ. ಆ ಪರೀಕ್ಷೆಗಾಗಿ ಕಾಯುತ್ತಾ ಹೆರಿಗೆಯೇ ಆಗಿಬಿಡುತ್ತದೆ. 2024ರಲ್ಲಿ ಅದಕ್ಕೂ ಒಂದು ದಾರಿ ಮಾಡಿದರು. ಅಂಥ ಪರೀಕ್ಷೆ ಸಿಗದ ಕಡೆ ಪಾಸಿಟಿವ್ ಬಂದ ಎಲ್ಲ ಬಸುರಿಯರಿಗೂ ಮಾತ್ರೆ ಕೊಡಬಹುದು.

ಥಾಯ್ಲೆಂಡಿನ ಅಧ್ಯಯನವೊಂದು ಇದಕ್ಕೆ ಸ್ವಲ್ಪ ತಿರುಗಿ ನಿಲ್ಲುತ್ತದೆ, ನನಗೆ ಅದೇ ಹೆಚ್ಚು ಇಷ್ಟ. 2018ರಲ್ಲಿ ಬಂದದ್ದು. ಅಲ್ಲಿ ಮಾತ್ರೆ ತಗೊಳ್ಳದ ತಾಯಂದಿರ ಮಕ್ಕಳಲ್ಲೂ ಬರೀ ಶೇ 2ರಷ್ಟು ಮಕ್ಕಳಿಗೆ ಮಾತ್ರ ವೈರಸ್ ದಾಟಿತ್ತು. ಮಾತ್ರೆ ತಗೊಂಡವರಲ್ಲಿ ಸೊನ್ನೆ. ಮಾತ್ರೆ ಇಲ್ಲದೆಯೂ ಅಷ್ಟು ಕಡಿಮೆ ಹೇಗೆ? ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಹುಟ್ಟಿದ ಒಂದೂವರೆ ಗಂಟೆಯೊಳಗೇ ಎರಡೂ ಇಂಜೆಕ್ಷನ್ ಹಾಕಿ ಆಗಿತ್ತು. ಅದೂ ಒಂದು ಕಾರಣ ಇರಬೇಕು ಅನ್ನುತ್ತಾರೆ. ಲಸಿಕೆಯನ್ನು 24 ಗಂಟೆಯೊಳಗೆ ಹಾಕಿ ಅಂತ ಪುಸ್ತಕದಲ್ಲಿ ಬರೆದಿದೆ ಅಂತ 23ನೇ ಗಂಟೆಯವರೆಗೆ ಕಾಯಬೇಕಾಗಿಲ್ಲ.

ಎರಡು ಇಂಜೆಕ್ಷನ್ ಅಂದರೆ ಯಾವುವು? ಒಂದು ಲಸಿಕೆ. ಅದು ಮಗುವಿನ ದೇಹಕ್ಕೆ ತಾನೇ ರಕ್ಷಣೆ ಮಾಡಿಕೊಳ್ಳಲು ಕಲಿಸುತ್ತದೆ. ಕಲಿಯಲು ಸಮಯ ಬೇಕು. ಇನ್ನೊಂದು ಇಮ್ಯುನೊಗ್ಲೋಬ್ಯುಲಿನ್. ಅದು ಸಿದ್ಧವಾಗಿರುವ ಪ್ರತಿಕಾಯ, ಅಂದರೆ ವೈರಸ್ಸನ್ನು ಹಿಡಿದು ತಡೆಯುವ ಪ್ರೋಟೀನು. ಮಗು ಕಲಿಯುವವರೆಗೆ ಅದನ್ನು ಕಾಪಾಡುತ್ತದೆ. ಒಂದು ತೊಡೆಗೆ ಒಂದು, ಇನ್ನೊಂದು ತೊಡೆಗೆ ಇನ್ನೊಂದು. ಎರಡನೆಯದನ್ನು 12 ಗಂಟೆಯೊಳಗೆ ಕೊಡಬೇಕು ಅನ್ನುತ್ತಾರೆ. ಎರಡೂ ಸಮಯಕ್ಕೆ ಸಿಕ್ಕಿ, ಆಮೇಲಿನ ಡೋಸುಗಳೂ ಪೂರ್ತಿಯಾದರೆ ನೂರರಲ್ಲಿ 85ರಿಂದ 95 ಮಕ್ಕಳು ಪಾರಾಗುತ್ತಾರೆ. ತಾಯಿಯ ಮಾತ್ರೆಯೂ ಸೇರಿದರೆ ಇನ್ನೂ ಹೆಚ್ಚು.

ಕಾಗದದ ಮೇಲೆ ಇದೆಲ್ಲ ಸರಾಗ. ಹೆರಿಗೆಗಳು ಮಾತ್ರ ಹೇಳಿದ ದಿನಕ್ಕೆ ಆಗುವುದಿಲ್ಲ.

ಗೆಳತಿಗೆ ದಿನ ತುಂಬುವ ಮೊದಲೇ, ರಾತ್ರಿ ಹೊತ್ತು ನೋವು ಶುರುವಾಯಿತು. ಅವಳನ್ನು ನೋಡುತ್ತಿದ್ದ ಡಾಕ್ಟರ್ ರಜೆಯಲ್ಲಿದ್ದರು. ಡ್ಯೂಟಿಯಲ್ಲಿದ್ದವರಿಗೆ ಅವಳ ವಿಷಯ ಗೊತ್ತಿರಲಿಲ್ಲ. ಫೈಲಿನ ಮೇಲೆ ಎದ್ದು ಕಾಣುವಂತೆ ಬರೆದಿರಲಿಲ್ಲ, ಒಳಗೆ ಎಲ್ಲೋ ಹಳೇ ರಿಪೋರ್ಟುಗಳ ನಡುವೆ ಇತ್ತು. ನೋವಿನ ನಡುವೆಯೇ ಅವಳು ಪ್ರತಿ ನರ್ಸಿಗೂ ಹೇಳುತ್ತಿದ್ದಳಂತೆ, ನನಗೆ ಹೆಪಟೈಟಿಸ್ ಬಿ ಇದೆ, ಮಗುವಿಗೆ ಇಂಜೆಕ್ಷನ್ ಹಾಕಬೇಕು ಅಂತ. ಲಸಿಕೆ ಇತ್ತು. ಇಮ್ಯುನೊಗ್ಲೋಬ್ಯುಲಿನ್ ಸ್ಟಾಕ್ ಇರಲಿಲ್ಲ. ಗಂಡ ಮೆಡಿಕಲ್ ಶಾಪಿನಿಂದ ಮೆಡಿಕಲ್ ಶಾಪಿಗೆ ಅಲೆದು, ಬೆಳಗ್ಗೆ ತಂಪು ಡಬ್ಬಿಯಲ್ಲಿ ಅದನ್ನು ಹಿಡಿದು ಬಂದ. ಸಮಯ ಮೀರಿರಲಿಲ್ಲ, ಅಷ್ಟೇ ಪುಣ್ಯ. ಆರು ತಿಂಗಳ ಮುಂಚೆಯೇ ಗೊತ್ತಿದ್ದ ವಿಷಯಕ್ಕೆ ಕೊನೆಯ ರಾತ್ರಿ ಓಡಾಟ ಯಾಕೆ ಬೇಕಿತ್ತು ಅನ್ನುವ ಸಿಟ್ಟು ನನಗಿನ್ನೂ ಇಳಿದಿಲ್ಲ. ರಕ್ತ ತೆಗೆದು ರಿಪೋರ್ಟ್ ಬರೆದರೆ ಪರೀಕ್ಷೆ ಆಯಿತು ಅಂದುಕೊಳ್ಳುತ್ತೇವೆ. ಆ ಮಾಹಿತಿ ಸರಿಯಾದ ರಾತ್ರಿ, ಸರಿಯಾದ ನರ್ಸಿನ ಕೈಗೆ ತಲುಪದಿದ್ದರೆ ಅದು ಬರೀ ಕಾಗದ.

ಹೀಗೆ ಮಾಹಿತಿ ಕೈತಪ್ಪುವುದು ಮಾಮೂಲು ಅಂತ ಗೊತ್ತಿರುವುದರಿಂದಲೇ, ತಾಯಿಯ ರಿಪೋರ್ಟ್ ಏನೇ ಇರಲಿ, ಹುಟ್ಟಿದ ಪ್ರತಿ ಮಗುವಿಗೂ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್ ಹಾಕಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2022ರಲ್ಲಿ ಜಗತ್ತಿನಲ್ಲಿ ಆ ಡೋಸ್ ಸಮಯಕ್ಕೆ ಸಿಕ್ಕಿದ್ದು ಶೇ 45ರಷ್ಟು ಮಕ್ಕಳಿಗೆ. ಹಾಗಾದರೆ ಎಲ್ಲ ಮಕ್ಕಳಿಗೂ ಲಸಿಕೆ ಹಾಕಿಬಿಟ್ಟರೆ ತಾಯಂದಿರ ಪರೀಕ್ಷೆ ಯಾಕೆ ಅಂತ ಒಬ್ಬರು ನನ್ನನ್ನು ಕೇಳಿದ್ದರು. ಪರೀಕ್ಷೆ ಇಲ್ಲದಿದ್ದರೆ ಯಾರಿಗೆ ಮಾತ್ರೆ ಬೇಕು, ಯಾವ ಮಗುವಿಗೆ ಇಮ್ಯುನೊಗ್ಲೋಬ್ಯುಲಿನ್ ಬೇಕು ಅಂತ ಗೊತ್ತಾಗುವುದಿಲ್ಲ. ಇನ್ನೊಂದು ಕಾರಣವೂ ಇದೆ, ಅದಕ್ಕೇ ಬರುತ್ತಿದ್ದೇನೆ.

ಅದಕ್ಕೆ ಮುಂಚೆ ಎದೆಹಾಲಿನ ವಿಷಯ. ಮಗು ಹುಟ್ಟಿದ ಮೇಲೆ ಸುತ್ತಲಿನವರು ಮೊದಲು ಹೇಳಿದ್ದೇ, ಹಾಲು ಕೊಡಬೇಡ ಅಂತ. ಇದಕ್ಕೆ ಆಧಾರ ಇಲ್ಲ. ಲಸಿಕೆ ಪಡೆದ ಮಗುವಿಗೆ ಎದೆಹಾಲಿನಿಂದ ಅಪಾಯ ಹೆಚ್ಚುವುದಿಲ್ಲ. ಈ ವೈರಸ್ ಇದೆ ಅನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಮಾಡಿಸಬೇಕಾಗಿಯೂ ಇಲ್ಲ. ಒಟ್ಟಿಗೆ ಊಟ ಮಾಡುವುದರಿಂದ, ಅದೇ ಲೋಟದಲ್ಲಿ ನೀರು ಕುಡಿಯುವುದರಿಂದ, ಮಗುವಿಗೆ ಮುತ್ತು ಕೊಡುವುದರಿಂದ ಇದು ಹರಡುವುದಿಲ್ಲ. ಆದರೂ ಅವಳ ತಟ್ಟೆ ಲೋಟ ಬೇರೆಯಾಗಿದ್ದವು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಒಂದು ದಿನ ಅವು ಬೇರೆ ಶೆಲ್ಫಿನಲ್ಲಿದ್ದವು. ಬೇರೆ ಇಡಬೇಕಾದ್ದು ರೇಜರ್, ಟೂತ್‌ಬ್ರಶ್, ಉಗುರು ಕತ್ತರಿಸುವ ಕಟರ್. ಅವನ್ನು ಬೇರೆ ಇಡಬೇಕು ಅಂತ ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಗಂಡ ಲಸಿಕೆ ಹಾಕಿಸಿಕೊಂಡ. ಅವಳ ಕಡೆಯಿಂದ ಅವನಿಗಿರುವ ಅಪಾಯಕ್ಕೆ ಪರಿಹಾರ ಅಷ್ಟೇ. ಡೋಸುಗಳನ್ನು ಪೂರ್ತಿ ಹಾಕಿಸಿಕೊಂಡರೆ ಆಯಿತು.

ಮಗುವಿನ ಟೆಸ್ಟ್‌ಗೂ ಅವಸರ ಮಾಡಬಾರದು. ಹುಟ್ಟಿದ ಕೂಡಲೇ ಮಗುವಿನ ರಕ್ತ ನೋಡಿದರೆ ಅದು ತಾಯಿಯದೋ, ಲಸಿಕೆಯದೋ, ಇಮ್ಯುನೊಗ್ಲೋಬ್ಯುಲಿನ್ನಿನದೋ ಗೊತ್ತಾಗುವುದಿಲ್ಲ. ಕೋರ್ ಪ್ರತಿಕಾಯ ಅನ್ನುವುದೊಂದಿದೆ. ಅದು ತಾಯಿಯಿಂದ ಹರಿದು ಬಂದು ಮಗುವಿನಲ್ಲಿ ಎರಡು ವರ್ಷದವರೆಗೂ ಇರಬಹುದು. ಅದನ್ನು ನೋಡಿ ಮಗುವಿಗೆ ಸೋಂಕಾಗಿದೆ ಅಂತ ಎದೆ ಒಡೆದುಕೊಂಡವರಿದ್ದಾರೆ. ಡೋಸುಗಳೆಲ್ಲ ಮುಗಿದು, 9ರಿಂದ 12 ತಿಂಗಳಾದಾಗ ನೋಡಬೇಕಾದ್ದು ಎರಡೇ. ವೈರಸ್ಸಿನ ಹೊರಪದರ ಇದೆಯಾ, ಅದರ ವಿರುದ್ಧದ ಪ್ರತಿಕಾಯ 10 ಯೂನಿಟ್ಟಿಗಿಂತ ಜಾಸ್ತಿ ಇದೆಯಾ. ಅವಳ ಮಗನಿಗೆ ಮೊದಲನೆಯದು ಇರಲಿಲ್ಲ, ಎರಡನೆಯದು ನೂರಾರು ಇತ್ತು. ಆ ರಿಪೋರ್ಟ್ ಬಂದ ದಿನ ಅವಳು ಅತ್ತಷ್ಟು ತನ್ನ ರಿಪೋರ್ಟ್ ಬಂದ ದಿನವೂ ಅತ್ತಿರಲಿಲ್ಲ.

ಎಲ್ಲರೂ ನಿಟ್ಟುಸಿರು ಬಿಟ್ಟರು. ಮಗು ಪಾರಾಯಿತು, ಕಥೆ ಮುಗಿಯಿತು.

ಈ ನಡುವೆ ಎಷ್ಟೊಂದು ಸಲ ಅವಳು ತಪಾಸಣೆಗೆ ಹೋಗಿದ್ದಳು. ಹೊಲಿಗೆ ನೋಡಿದರು, ಬಿಪಿ ನೋಡಿದರು, ಮಗುವಿನ ತೂಕ ನೋಡಿದರು, ಮುಂದಿನ ಮಗು ಯಾವಾಗ ಅಂತಲೂ ಕೇಳಿದರು. ಅವಳ ಲಿವರ್ ಬಗ್ಗೆ ಯಾರೂ ಕೇಳಲಿಲ್ಲ. ಬಸಿರಿನಲ್ಲಿ ಶುರು ಮಾಡಿದ್ದ ಮಾತ್ರೆ ನಿಲ್ಲಿಸಿ ಅಂದರು, ನಿಲ್ಲಿಸಿದಳು. ಮುಂದೆ ಯಾರನ್ನು ನೋಡಬೇಕು ಅಂತ ಯಾರೂ ಬರೆದು ಕೊಡಲಿಲ್ಲ. ಪರೀಕ್ಷೆ ಮಾಡಿದ್ದು ಅವಳ ರಕ್ತದ್ದು, ಕಾಯಿಲೆ ಇದ್ದದ್ದು ಅವಳಿಗೆ. ಆದರೂ ಆ ಇಡೀ ವ್ಯವಸ್ಥೆಯಲ್ಲಿ ಅವಳು ಮಗುವಿಗೆ ವೈರಸ್ ಹೋಗುವ ದಾರಿ ಅಷ್ಟೇ ಆಗಿದ್ದಳು. ದಾರಿ ಮುಚ್ಚಿದ ಮೇಲೆ ದಾರಿಯ ಕಡೆ ಯಾರು ನೋಡುತ್ತಾರೆ?

ಇದನ್ನು ನಾನು ಯಾವ ಒಬ್ಬ ಡಾಕ್ಟರ ತಪ್ಪು ಅಂತ ಹೇಳುತ್ತಿಲ್ಲ. ಹೆರಿಗೆ ಡಾಕ್ಟರ ಕೆಲಸ ಹೆರಿಗೆಯಾದ ಮೇಲೆ ಮುಗಿಯುತ್ತದೆ, ಮಕ್ಕಳ ಡಾಕ್ಟರು ಮಗುವನ್ನು ನೋಡುತ್ತಾರೆ, ಲಿವರ್ ಡಾಕ್ಟರ ಹತ್ತಿರ ಯಾರಾದರೂ ಕಳಿಸಿದರೆ ಹೋಗುತ್ತೇವೆ. ಕಳಿಸುವವರು ಯಾರು ಅನ್ನುವುದು ಯಾರ ಪಟ್ಟಿಯಲ್ಲೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ 25 ಕೋಟಿ 40 ಲಕ್ಷ ಜನರಲ್ಲಿ ಈ ವೈರಸ್ ಖಾಯಂ ಆಗಿ ಇತ್ತು. ಅವರಲ್ಲಿ ತಮಗಿದೆ ಅಂತ ಗೊತ್ತಿದ್ದವರು ಶೇ 13. ಔಷಧಿ ಸಿಗುತ್ತಿದ್ದವರು ಸುಮಾರು ಶೇ 3. ಆ ವರ್ಷ ಇದರಿಂದ ಸತ್ತವರು 11 ಲಕ್ಷ. ಶೇ 13ಕ್ಕೂ ಶೇ 3ಕ್ಕೂ ನಡುವೆ ಇರುವವರಲ್ಲಿ ಔಷಧಿ ಸದ್ಯಕ್ಕೆ ಬೇಡದವರೂ ಇದ್ದಾರೆ, ಸರಿ. ನನ್ನ ಗೆಳತಿಯಂಥವರೂ ಇದ್ದಾರೆ. ಆರೋಗ್ಯವಾಗಿರುವ ಚಿಕ್ಕ ವಯಸ್ಸಿನ ಹೆಂಗಸಿಗೆ ಇದು ಗೊತ್ತಾಗಲು ಇರುವ ಅವಕಾಶ ಹೆಚ್ಚಾಗಿ ಒಂದೇ, ಬಸಿರಿನ ಟೆಸ್ಟು. ಆ ಒಂದು ಬಾಗಿಲಿನಿಂದ ಒಳಗೆ ಬಂದವರನ್ನು ಹೆರಿಗೆಯಾದ ಮೇಲೆ ಅದೇ ಬಾಗಿಲಿನಿಂದ ಹೊರಗೆ ಕಳಿಸಿಬಿಡುತ್ತೇವೆ.

ಅವಳೇ ಹುಡುಕಿಕೊಂಡು ಲಿವರ್ ತಜ್ಞರೊಬ್ಬರ ಹತ್ತಿರ ಹೋದಳು. ಅವರು ಹೇಳಿದ ಮೊದಲ ಮಾತೇ, "ಹೆರಿಗೆ ಆಗಿ ಕೆಲವು ವಾರಕ್ಕೇ ಬರಬೇಕಿತ್ತು." ಬಸಿರಿನಲ್ಲಿ ತಣ್ಣಗಿದ್ದ ರೋಗ ನಿರೋಧಕ ಶಕ್ತಿ ಹೆರಿಗೆಯಾದ ಮೇಲೆ ಮತ್ತೆ ಎಚ್ಚರವಾಗುತ್ತದೆ. ಆಗ ಅದು ವೈರಸ್ ಇರುವ ಲಿವರ್ ಜೀವಕೋಶಗಳ ಮೇಲೆ ಬೀಳಬಹುದು, ಮಾತ್ರೆ ನಿಲ್ಲಿಸಿದಾಗಲೂ ಹೀಗಾಗಬಹುದು. ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ, ಕೆಲವರಲ್ಲಿ ಜೋರಾಗುತ್ತದೆ. ಹಾಗಾಗಿ ಆ ತಿಂಗಳುಗಳಲ್ಲಿ ಲಿವರ್ ಟೆಸ್ಟ್ ಮಾಡಿಸುತ್ತಾ ಇರಬೇಕು. ಅವಳದು ಒಂದಷ್ಟು ಏರಿತ್ತು. ಅಲ್ಟ್ರಾಸೌಂಡ್ ಮಾಡಿದರು, ಲಿವರ್ ಗಟ್ಟಿಯಾಗಿದೆಯಾ ಅಂತ ಇನ್ನೊಂದು ಸ್ಕ್ಯಾನ್ ಮಾಡಿದರು, ವೈರಲ್ ಲೋಡ್ ಮತ್ತೆ ನೋಡಿದರು. ಸದ್ಯಕ್ಕೆ ಭಯ ಇಲ್ಲ, ಆದರೆ ಕೆಲವು ತಿಂಗಳಿಗೊಮ್ಮೆ ಬರಲೇಬೇಕು ಅಂದರು. ಯಾವತ್ತಿನವರೆಗೆ ಅಂತ ಕೇಳಿದಳು. ಡಾಕ್ಟರ್ ನಕ್ಕು, "ನಾನು ರಿಟೈರ್ ಆದಮೇಲೂ" ಅಂದರಂತೆ. ಈ ವೈರಸ್ಸನ್ನು ಪೂರ್ತಿ ಓಡಿಸುವ ಔಷಧಿ ಇನ್ನೂ ಇಲ್ಲ. ಅದುಮಿ ಇಡುವ ಔಷಧಿ ಇದೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಖಾಯಂ ಸೋಂಕು ಇರುವ ದೊಡ್ಡವರಲ್ಲಿ ನೂರರಲ್ಲಿ 20ರಿಂದ 30 ಜನರಿಗೆ ಮುಂದೆ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು) ಅಥವಾ ಲಿವರ್ ಕ್ಯಾನ್ಸರ್ ಆಗುತ್ತದೆ. ಸರಿಯಾದ ಹೊತ್ತಿಗೆ ಔಷಧಿ ಶುರು ಮಾಡಿದರೆ ಆ ಅಪಾಯ ತಗ್ಗುತ್ತದೆ, ಅದಕ್ಕೇ ಈ ಕಾವಲು.

ಅವರೇ ಅವಳನ್ನು ಕೇಳಿದರು, "ನಿಮ್ಮ ತಾಯಿಗೆ ಟೆಸ್ಟ್ ಮಾಡಿಸಿದ್ದೀರಾ? ಅಣ್ಣ ತಮ್ಮಂದಿರಿಗೆ?"

ಎಲ್ಲಿಂದ ಬಂತು ಅನ್ನುವ ಅದೇ ಪ್ರಶ್ನೆ. ಈ ಸಲ ಕೆಲಸಕ್ಕೆ ಬರುವ ರೀತಿಯಲ್ಲಿ ಕೇಳಿದ್ದರು.

ತಾಯಿಯನ್ನು ಒಪ್ಪಿಸುವುದು ಸುಲಭ ಆಗಲಿಲ್ಲ. "ನನ್ನಿಂದ ನಿನಗೆ ಬಂತು ಅಂತೀಯೇನೇ?" ಅಂತ ಅವರು ಅತ್ತುಬಿಟ್ಟರು. ಅವರಿಗೆ ಎಲ್ಲಿಂದ ಬಂದಿರಬಹುದು ಅಂತಲೂ ವಿವರಿಸಬೇಕಾಯಿತು, ಅವರ ತಾಯಿಯ ಕಾಲಕ್ಕೆ ಈ ವೈರಸ್ಸಿಗೆ ಹೆಸರೇ ಇರಲಿಲ್ಲ ಅಂತ. ಕೊನೆಗೆ ಮಗಳ ಜೊತೆ ಹೋಗಿ ರಕ್ತ ಕೊಟ್ಟರು. ಪಾಸಿಟಿವ್. ಲಿವರ್ ಗಟ್ಟಿಯಾಗಲು ಶುರುವಾಗಿತ್ತು, ಕೆಟ್ಟಿರಲಿಲ್ಲ. ಈಗ ದಿನಾ ಒಂದು ಮಾತ್ರೆ ತಗೊಳ್ಳುತ್ತಾರೆ, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್. ಮೊಮ್ಮಗನಿಗಾಗಿ ಮಾಡಿದ ಟೆಸ್ಟಿನಿಂದ ಅಜ್ಜಿಗೆ ಔಷಧಿ ಸಿಕ್ಕಿತು.

ಅಣ್ಣನಿಗೂ ಹೇಳಿದ್ದಾಳೆ. ನಲವತ್ತರ ಹತ್ತಿರ ಬಂದವನು, ನನಗೇನಾಗಿದೆ, ಕಲ್ಲು ಗುಂಡಿನ ಹಾಗಿದ್ದೇನೆ ಅನ್ನುತ್ತಾನೆ. ನಾನೂ ಹಾಗೇ ಇದ್ದೆ ಅಂತ ಇವಳು ಪ್ರತಿ ಫೋನಿನಲ್ಲೂ ಹೇಳುತ್ತಾಳೆ. ಅವನಿಗೆ ಇನ್ನೂ ಪುರುಸೊತ್ತಾಗಿಲ್ಲ.